ಕುಡಿತ ಹೃದಯಕ್ಕೆ ತಾಗಿದೆಯಾ? ಎಕೋಗೆ ಬರುವ ಮೊದಲು ಲೆಕ್ಕ ಬರೆಯಿರಿ

ನಾನು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್. "ಕುಡೀತೀರಾ?" ಎಂದು ಕೇಳಿದರೆ "ಯಾವಾಗ್ಲೋ ಒಮ್ಮೆ ಮೇಡಂ" ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿ ನೆಲ ನೋಡುತ್ತಾರೆ. ತೆರೆಯ ಮೇಲೆ ಹೃದಯ ದೊಡ್ಡದಾಗಿ, ಬಲವಿಲ್ಲದೆ ಬಡಿಯುತ್ತಿರುತ್ತದೆ. ಕುಡಿತದಿಂದ ಹೀಗಾಯಿತಾ, ರಕ್ತನಾಳ ಕಟ್ಟಿಕೊಂಡು ಆಯಿತಾ, ಹಳೆಯ ವೈರಸ್ ಸೋಂಕಿನಿಂದಲಾ? ಬರೀ ಎಕೋ ಚಿತ್ರ ನೋಡಿ ಹೇಳಲಾಗದು. ಅರ್ಧ ಉತ್ತರ ನಿಮ್ಮ ಬಾಯಿಂದ ಬರಬೇಕು.

ಹಂತ 1: ಲೆಕ್ಕ

ಜನ ತಪ್ಪುವುದು ಇಲ್ಲೇ. "ಸ್ವಲ್ಪ", "ಲಿಮಿಟ್‌ನಲ್ಲಿ" ಎಂದು ಬರೆಯಬೇಡಿ. ಗ್ರಾಂ ಲೆಕ್ಕ ಹಾಕಿ. 30 ಎಂಎಲ್ ವಿಸ್ಕಿ, ರಮ್ಮು ಅಥವಾ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಒಂದು ನೈಂಟಿಗೆ (90 ಎಂಎಲ್) 30 ಗ್ರಾಂ, ಕ್ವಾರ್ಟರಿಗೆ (180 ಎಂಎಲ್) 60. "ನಾನು ಬರೀ ಬಿಯರ್" ಎನ್ನುವವರೂ ಕೇಳಿ: 8% ಇರುವ 650 ಎಂಎಲ್ ಸ್ಟ್ರಾಂಗ್ ಬಿಯರಿನಲ್ಲಿ ಸುಮಾರು 40 ಗ್ರಾಂ. ಎರಡು ಬಾಟಲಿಗೆ 80.

ದಿನಕ್ಕೆ 80 ಗ್ರಾಂಗಿಂತ ಜಾಸ್ತಿ, 5 ವರ್ಷಕ್ಕೂ ಮೇಲೆ ಕುಡಿದವರಲ್ಲಿ ವೈದ್ಯರು ಕುಡಿತದಿಂದ ಹೃದಯದ ಸ್ನಾಯು ಹಿಗ್ಗಿ ಬಲ ಕಳೆದುಕೊಳ್ಳುವ ಕಾಯಿಲೆಯನ್ನು (ಆಲ್ಕೋಹಾಲಿಕ್ ಕಾರ್ಡಿಯೋಮಯೋಪತಿ) ಮುಖ್ಯವಾಗಿ ಅನುಮಾನಿಸುತ್ತಾರೆ. ಹಾಗೆಂದು 80ರ ಕೆಳಗೆ ಭಯವಿಲ್ಲ ಎಂದಲ್ಲ. ಹೆಂಗಸರಿಗೆ ಇನ್ನೂ ಕಡಿಮೆಗೇ ತಾಗುತ್ತದೆ.

ಒಬ್ಬರ ಮಗಳು ನೋಟ್‌ಬುಕ್ಕಿನ ಹಾಳೆ ಮಡಚಿ ತಂದಿದ್ದಳು. "ಬೆಳಿಗ್ಗೆ 1 ನೈಂಟಿ, ರಾತ್ರಿ 2, ಭಾನುವಾರ 4. ನಾನು ಮೂರನೇ ಕ್ಲಾಸಲ್ಲಿ ಇದ್ದಾಗಿಂದ." ಅವಳು ಆಗ ಡಿಗ್ರಿ ಓದುತ್ತಿದ್ದಳು. ಡಾಕ್ಟರಿಗೆ ಬೇಕಾದದ್ದೆಲ್ಲ ಆ ಹಾಳೆಯಲ್ಲಿತ್ತು.

ಇನ್ನೊಂದು ಮಾತು. ರಿಪೋರ್ಟ್ ಚೆನ್ನಾಗಿ ಬರಲಿ ಎಂದು ದಿನಾ ಕುಡಿಯುವವರು ಎರಡು ದಿನ ಸುಮ್ನೆ ಬಿಟ್ಟು ಬರುತ್ತಾರೆ. ದಯವಿಟ್ಟು ಬೇಡ. ಎರಡು ದಿನಕ್ಕೆ ಹೃದಯ ಸರಿಹೋಗುವುದಿಲ್ಲ, ಆದರೆ ದಿಢೀರನೆ ಬಿಟ್ಟರೆ ಕೈ ನಡುಕ, ಫಿಟ್ಸ್ ಬರಬಹುದು. ಬಿಡಲೇಬೇಕು, ಆದರೆ ವೈದ್ಯರ ಔಷಧಿಯ ಜೊತೆ ಬಿಡಿ.

ಹಂತ 2: ಎಕೋ

ಖಾಲಿ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ. ಎಡಕ್ಕೆ ಹೊರಳಿ ಮಲಗಿ, ಎದೆಗೆ ಜೆಲ್ ಹಚ್ಚುತ್ತಾರೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನೋವಿಲ್ಲ.

ಕಡಿಮೆ ದುಡ್ಡಿನ ಚೆಕಪ್ ಪ್ಯಾಕೇಜಿನಲ್ಲಿ ಬರೀ ಇಸಿಜಿ ಮಾಡಿಸಿ "ಹಾರ್ಟ್ ನಾರ್ಮಲ್" ಎಂದು ನಿರಾಳ ಆಗಬೇಡಿ. ಹೃದಯ ಎಷ್ಟು ಹಿಗ್ಗಿದೆ, ಎಷ್ಟು ಬಲವಾಗಿ ತಳ್ಳುತ್ತಿದೆ ಎಂದು ಇಸಿಜಿ ಅಳೆಯುವುದಿಲ್ಲ.

ಹಂತ 3: ರಿಪೋರ್ಟ್

ಮೊದಲು ಇಎಫ್ (ಎಜೆಕ್ಷನ್ ಫ್ರಾಕ್ಷನ್) ನೋಡಿ. ಎಡ ಕೆಳಕೋಣೆ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೂ ಎಷ್ಟು ಪಾಲು ಹೊರಗೆ ಹಾಕುತ್ತದೆ ಎಂಬ ಲೆಕ್ಕ ಅದು. ಗಂಡಸರಿಗೆ 52%, ಹೆಂಗಸರಿಗೆ 54%ಗಿಂತ ಕಡಿಮೆ ಇದ್ದರೆ ಬಲ ಕುಗ್ಗಿದೆ ಎಂದರ್ಥ. ರಕ್ತ ತುಂಬಿ ಹಿಗ್ಗಿದಾಗ ಆ ಕೋಣೆಯ ಅಗಲ ಗಂಡಸರಲ್ಲಿ 58 ಮಿಮೀ, ಹೆಂಗಸರಲ್ಲಿ 52 ಮಿಮೀ ದಾಟಿದ್ದರೆ ಹೃದಯ ದೊಡ್ಡದಾಗಿದೆ.

ಬರೀ ಕಣ್ಣಂದಾಜಿನ ಇಎಫ್ ಒಪ್ಪಬೇಡಿ, "ಸಿಂಪ್ಸನ್ ವಿಧಾನದಲ್ಲಿ ಅಳೆಯಿರಿ" ಎಂದು ಕೇಳಿ; ಅದರಲ್ಲಿ ಕೋಣೆಯ ಒಳ ಅಂಚು ಗುರುತಿಸಿ ಗಾತ್ರ ಲೆಕ್ಕ ಹಾಕುತ್ತಾರೆ. ಸೌಲಭ್ಯ ಇದ್ದರೆ "ಸ್ಟ್ರೇನ್", ಅಂದರೆ ಪ್ರತಿ ಬಡಿತಕ್ಕೆ ಹೃದಯದ ಸ್ನಾಯು ಎಷ್ಟು ಮುದುಡುತ್ತದೆ ಎಂಬುದನ್ನೂ ಅಳೆಸಿ. ಇಎಫ್ ಇನ್ನೂ ಚೆನ್ನಾಗಿರುವಾಗಲೇ ಸ್ಟ್ರೇನ್ ಕುಗ್ಗಿರಬಹುದು. ಆಗ ಕುಡಿತ ನಿಲ್ಲಿಸಿದರೆ ಹೃದಯಕ್ಕೆ ಚೇತರಿಸಿಕೊಳ್ಳಲು ಸಮಯ ಇರುತ್ತದೆ. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ.

ಹಂತ 4: ಮುಂದಿನ ಪರೀಕ್ಷೆ

ರಕ್ತನಾಳ ಕಟ್ಟಿಲ್ಲ ಎಂದು ಖಚಿತ ಮಾಡಿಕೊಳ್ಳಲು ಆಂಜಿಯೋಗ್ರಾಮ್ ಹೇಳಬಹುದು. ಬೀಡಿ, ಸಿಗರೇಟೂ ಸೇದುವವರು ತಪ್ಪಿಸಬೇಡಿ. ಎಂಆರ್‌ಐ ಎಲ್ಲರಿಗೂ ಬೇಡ. ಎಕೋ ಚಿತ್ರ ಮಬ್ಬಾದರೆ, ಕಾರಣದ ಬಗ್ಗೆ ಅನುಮಾನ ಉಳಿದರೆ ಮಾತ್ರ ಬೇಕು. ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟಾಗ ಸ್ನಾಯುವಿನ ಗಾಯದ ಕಲೆ ಬೆಳ್ಳಗೆ ಕಾಣುತ್ತದೆ. ಕಿಡ್ನಿ ತೊಂದರೆ ಅಥವಾ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಹಾರ್ಟ್ ಟಾನಿಕ್, ಡಿಟಾಕ್ಸ್ ಪುಡಿಗೆ ದುಡ್ಡು ಹಾಕಬೇಡಿ. ಅದೇ ದುಡ್ಡು ಎರಡನೇ ಎಕೋಗೆ ಇಟ್ಟುಕೊಳ್ಳಿ. ಪೂರ್ತಿ ಬಿಟ್ಟು, ಮಾತ್ರೆ ಸರಿಯಾಗಿ ತೆಗೆದುಕೊಂಡ ಎಷ್ಟೋ ಜನರ ಇಎಫ್ ಕೆಲವು ತಿಂಗಳಲ್ಲಿ ಏರುತ್ತದೆ. ವೈದ್ಯರು ಹೇಳಿದ ದಿನಕ್ಕೆ, ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ, ಅದೇ ಜಾಗದಲ್ಲಿ ಮಾಡಿಸಿ. ಹಳೆಯ ರಿಪೋರ್ಟ್ ತನ್ನಿ. ಲೆಕ್ಕದ ಹಾಳೆಯನ್ನೂ ತನ್ನಿ, ಕುಡಿತ ಬಿಟ್ಟ ತಾರೀಖನ್ನು ಕೆಳಗೆ ಬರೆದು.