ಮೆಷಿನ್ ತಿರುಗದಿದ್ದರೆ ಮೊದಲು ಅದರ ಸದ್ದು ಕೇಳಿ

ವಾಷಿಂಗ್ ಮೆಷಿನ್‌ನಲ್ಲಿ ನೀರು ತುಂಬಿದೆ, ಬಟ್ಟೆ ಮಾತ್ರ ಅಲ್ಲಾಡುತ್ತಿಲ್ಲ. ಗಾಬರಿಯಲ್ಲಿ ಇದ್ದಬದ್ದ ಬಟನ್‌ಗಳನ್ನೆಲ್ಲ ಒತ್ತಬೇಡಿ. ಪಕ್ಕದಲ್ಲಿ ನಿಂತು ಸದ್ದು ಕೇಳಿ. ಮೆಕ್ಯಾನಿಕ್ ಬಂದರೂ ಮೊದಲು ಮಾಡುವುದು ಅದನ್ನೇ.

ಸದ್ದೇ ಇಲ್ಲ ಅಂದರೆ ಪ್ಲಗ್ಗು, ಸ್ವಿಚ್ಚು, ಮುಚ್ಚಳ ನೋಡಿ. ಮುಚ್ಚಳ ಸರಿಯಾಗಿ ಕೂತಿಲ್ಲದಿದ್ದರೆ ಮೆಷಿನ್ ಹಿಂಡುವುದಿಲ್ಲ. ಅದರ ಕೆಳಗಿನ ಪುಟ್ಟ ಸ್ವಿಚ್ಚಿಗೆ ಸೋಪಿನ ಪುಡಿ ಮೆತ್ತಿಕೊಂಡಿರುವುದೂ ಉಂಟು, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮುಚ್ಚಿ.

'ಗುಂಯ್' ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ತಕ್ಷಣ ಆಫ್ ಮಾಡಿ. ಹಾಗೇ ಬಿಟ್ಟರೆ ಮೋಟರಿನ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಂತಿ, ಸುಟ್ಟುಹೋಗುತ್ತದೆ, ಆಗ ಖರ್ಚು ಎಲ್ಲಿಗೋ ಹೋಗುತ್ತದೆ. ಸಂಜೆ ಹೊತ್ತು ಬಲ್ಬು ಮಂಕಾಗುವ ಊರುಗಳಲ್ಲಿ ಇದು ಬರೀ ವೋಲ್ಟೇಜ್ ತೊಂದರೆ. ನಮ್ಮಲ್ಲಿ ಬರಬೇಕಾದ್ದು 230 ವೋಲ್ಟ್. ತೀರಾ ಇಳಿದರೆ ಮೋಟರಿಗೆ ತಿರುಗುವ ಶಕ್ತಿ ಇರುವುದಿಲ್ಲ. ಕರೆಂಟು ಸರಿಯಿದ್ದೂ ಗುಂಯ್ ಅಂದರೆ ಅನುಮಾನ ಕೆಪಾಸಿಟರ್ ಮೇಲೆ, ಅಂದರೆ ಮೋಟರ್ ಶುರುವಾಗಲು ನೂಕು ಕೊಡುವ ಪುಟ್ಟ ಡಬ್ಬಿಯ ಮೇಲೆ. ಅದು ದುಬಾರಿ ಸಾಮಾನಲ್ಲ, ಆದರೆ ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ, ಹೊಡೆಯುತ್ತದೆ.

ಇನ್ನೊಂದು ಕಾರಣ, ತಳದಲ್ಲಿರುವ ತಿರುಗುವ ತಟ್ಟೆಯ ಅಡಿಗೆ ನಾಣ್ಯ, ಹೇರ್‌ಪಿನ್ನು, ಗುಂಡಿ ಸೇರಿಕೊಳ್ಳುವುದು. ಪ್ಲಗ್ ತೆಗೆದು, ನೀರು ಖಾಲಿ ಮಾಡಿ, ಕೈಯಿಂದ ತಿರುಗಿಸಿ ನೋಡಿ. ಕರಕರ ಅಂದರೆ ನಡುವಿನ ಸ್ಕ್ರೂ ಬಿಚ್ಚಿ ತಟ್ಟೆ ಎತ್ತಬಹುದು.

ಮೋಟರ್ ಚೆನ್ನಾಗಿಯೇ ಓಡುತ್ತಿದೆ, ತಟ್ಟೆ ಮಾತ್ರ ನಿಂತಿದೆ ಅಂದರೆ ಬೆಲ್ಟ್ ಸಡಿಲವಾಗಿದೆ ಅಥವಾ ಹರಿದಿದೆ. ಸುಟ್ಟ ರಬ್ಬರ್ ವಾಸನೆ ಬಂದರಂತೂ ಅದೇ. ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅಳತೆ ತಪ್ಪಿದರೆ ಕೂರುವುದಿಲ್ಲ. ಇಲಿ ಬೆಲ್ಟನ್ನೂ ವೈರನ್ನೂ ಕಡಿಯುತ್ತದೆ. ಮೆಷಿನ್ ತಳ ತೆರೆದೇ ಇದ್ದರೆ ಜಾಲರಿ ಹಾಕಿಸಿ. ಹಿತ್ತಿಲಲ್ಲಿ ಮೆಷಿನ್ ಇಟ್ಟವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಒಗೆಯುತ್ತದೆ, ಹಿಂಡುವುದಿಲ್ಲ ಅನ್ನುವವರೇ ಹೆಚ್ಚು. ಅವರಿಗೆ ನನ್ನ ಮೊದಲ ಪ್ರಶ್ನೆ, ನೀರು ಹೊರಗೆ ಹೋಯಿತೇ? ಮೇಲಿಂದ ಬಟ್ಟೆ ಹಾಕುವ ಬಹಳಷ್ಟು ಮೆಷಿನ್‌ಗಳಲ್ಲಿ ಪಂಪ್ ಇರುವುದಿಲ್ಲ, ನೀರು ತಾನಾಗಿ ಇಳಿದು ಹೋಗಬೇಕು. ಪೈಪನ್ನು ಬಚ್ಚಲಿನ ಎತ್ತರದ ಕಟ್ಟೆ ಹಾಯಿಸಿ ಬಿಟ್ಟಿದ್ದರೆ ನೀರು ಅಲ್ಲೇ ನಿಲ್ಲುತ್ತದೆ, ನೀರು ನಿಂತರೆ ಡ್ರಮ್ ತಿರುಗುವುದಿಲ್ಲ. ಪೈಪು ನೆಲಕ್ಕೇ ಇರಲಿ, ಮಡಿಕೆ ಬೀಳದಿರಲಿ. ಇಂಥ ಮೆಷಿನ್‌ಗಳಲ್ಲಿ ನೀರು ಹೊರಬಿಡುವ ವಾಲ್ವ್ ತೆರೆಯುವ ಪುಟ್ಟ ಮೋಟರೇ, ಹಿಂಡುವಾಗ ಡ್ರಮ್ ತಿರುಗುವಂತೆ ಜೋಡಿಸುವ ಕ್ಲಚ್ಚನ್ನೂ ಎಳೆಯುವುದು. ಹಾಗಾಗಿ ಅದೊಂದು ಕೆಟ್ಟರೆ ನೀರೂ ಹೋಗುವುದಿಲ್ಲ, ಹಿಂಡುವುದೂ ಇಲ್ಲ. ಮುಂದಿನಿಂದ ಬಟ್ಟೆ ಹಾಕುವುದಾದರೆ ಕೆಳಮೂಲೆಯ ಫಿಲ್ಟರ್ ಬಿಚ್ಚಿ ತೊಳೆಯಿರಿ, ಸುರಿಯುವ ನೀರು ಹಿಡಿಯಲು ಅಡಿಯಲ್ಲೊಂದು ತಟ್ಟೆ ಇಡಲು ಮರೆಯಬೇಡಿ.

ನೀರು ಹೋಗಿಯೂ ಹಿಂಡದೆ ದಡಬಡ ಅಂದು ನಿಂತರೆ ಭಾರ ಒಂದೇ ಕಡೆ ಸೇರಿದೆ. ಒಂದೇ ಜಮಖಾನ ಹಾಕಿದಾಗ ಹೀಗಾಗುತ್ತದೆ. ಜೊತೆಗೆ ಎರಡು ಟವೆಲ್ ಹಾಕಿ ಹರಡಿ. ರೇನ್‌ಕೋಟ್ ಮಾತ್ರ ಎಂದೂ ಹಿಂಡಲು ಹಾಕಬೇಡಿ, ಒಳಗೆ ನೀರು ಹಿಡಿದುಕೊಂಡು ಮೆಷಿನ್ನೇ ಕುಣಿದು ಮುರಿದೀತು.

ಎರಡು ತೊಟ್ಟಿಯ ಮೆಷಿನ್‌ನಲ್ಲಿ ಹಿಂಡುವ ಡಬ್ಬ ಗುಂಯ್ ಅಂದು ನಿಂತರೆ, ಡಬ್ಬಕ್ಕೂ ಹೊರಗೋಡೆಗೂ ನಡುವೆ ಕಾಲುಚೀಲವೋ ಕರವಸ್ತ್ರವೋ ಜಾರಿದೆಯೇ ನೋಡಿ. ಏನೂ ಸಿಗದಿದ್ದರೆ ಬ್ರೇಕ್ ವೈರ್. ಮುಚ್ಚಳ ಹಾಕಿದಾಗ ಆ ವೈರು ಬ್ರೇಕನ್ನು ಬಿಡಿಸಬೇಕು; ಅದು ತುಂಡಾಗಿದ್ದರೆ ಬ್ರೇಕ್ ಹಿಡಿದೇ ಇರುತ್ತದೆ. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಇದನ್ನೇ ಹೇಳಿ, ವೈರು ತೆಗೆದುಕೊಂಡೇ ಬರುತ್ತಾರೆ.