ರಾತ್ರಿ ಮೂರು ಸಲ ಏಳುತ್ತೀರಾ? ಡಾಕ್ಟರ ಬಳಿ ಹೋಗುವ ಮೊದಲು ಇಷ್ಟು ಮಾಡಿ

ನಮ್ಮ ಕಡೆಯ ಹಿರಿಯರು ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಬಸ್‌ಸ್ಟ್ಯಾಂಡಿನಲ್ಲೂ ಮಾತಾಡುತ್ತಾರೆ. ಮೂತ್ರದ ತೊಂದರೆಯನ್ನು ಮಾತ್ರ ಹೆಂಡತಿಗೂ ಹೇಳುವುದಿಲ್ಲ. ಮದುವೆ ಹಾಲಿಗೆ ಕಾಲಿಟ್ಟೊಡನೆ ಟಾಯ್ಲೆಟ್ ಎಲ್ಲಿದೆ ಎಂದು ನೋಡಿಕೊಳ್ಳುವುದು, ಬೆಂಗಳೂರಿನ ರಾತ್ರಿ ಬಸ್ಸು ಹತ್ತುವ ದಿನ ಮಧ್ಯಾಹ್ನದಿಂದಲೇ ನೀರು ಬಿಡುವುದು, ಎಲ್ಲವೂ ‘ವಯಸ್ಸಾಯಿತಲ್ಲ’ ಎಂಬ ಲೆಕ್ಕಕ್ಕೆ ಸೇರಿಹೋಗುತ್ತದೆ. ಹೆಚ್ಚಾಗಿ ವಯಸ್ಸಿನದ್ದೇ ಹೌದು, ಆದರೆ ಅದಕ್ಕೆ ಮದ್ದೂ ಇದೆ.

ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ ಇರುವುದು ಪ್ರಾಸ್ಟೇಟ್ ಗ್ರಂಥಿ. ಯೌವನದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು. 50 ದಾಟಿದ ಮೇಲೆ ಹಲವರಲ್ಲಿ ಅದು ನಿಧಾನವಾಗಿ ಬೆಳೆದು ನಾಳವನ್ನು ಒತ್ತುತ್ತದೆ. ಧಾರೆ ಸಣ್ಣದಾಗುತ್ತದೆ, ಶುರುವಾಗಲು ಹೊತ್ತು ಹಿಡಿಯುತ್ತದೆ, ಮುಗಿದ ಮೇಲೂ ಹನಿ ನಿಲ್ಲುವುದಿಲ್ಲ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ.

ಮೊದಲು ಮೂರು ದಿನ ಬರೆದಿಡಿ

ಸ್ಕ್ಯಾನಿಂಗಿಗೆ ಓಡುವ ಮೊದಲು ಒಂದು ನೋಟ್‌ಬುಕ್ಕು, ಅಳತೆಯ ಗೆರೆಯಿರುವ ಒಂದು ಪ್ಲಾಸ್ಟಿಕ್ ಮಗ್ಗು ತೆಗೆದಿಟ್ಟುಕೊಳ್ಳಿ. ಮೂರು ದಿನ, ಹಗಲೂ ರಾತ್ರಿ, ಎಷ್ಟು ಗಂಟೆಗೆ ಎಷ್ಟು ಮಿ.ಲೀ. ಹೋಯಿತು, ಏನೇನು ಕುಡಿದಿರಿ ಎಂದು ಬರೆಯಿರಿ. ರಾತ್ರಿ ಎದ್ದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಹೋದರೆ ಪ್ರಾಸ್ಟೇಟ್ ಅಥವಾ ಮೂತ್ರಕೋಶದ ಕಡೆ ನೋಡಬೇಕು. ಪ್ರತಿ ಸಲವೂ 300–400 ಮಿ.ಲೀ. ಹೋಗಿ, ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ರಾತ್ರಿಯೇ ಆಗುತ್ತಿದ್ದರೆ ಕಾರಣ ಬೇರೆ ಇರಬಹುದು: ಸಕ್ಕರೆ ಕಾಯಿಲೆ, ಕಾಲಿನ ಬಾವು, ಹೃದಯದ ತೊಂದರೆ, ಇಲ್ಲವೇ ಸಂಜೆಯ ಕುಡಿತ. ಕುಡಿತ ಎಂದರೆ ಚಾ, ಕಾಫಿಯೂ ಸೇರಿತು. ರಾತ್ರಿಯ ಕುಚ್ಚಲಕ್ಕಿ ಗಂಜಿಯನ್ನೂ ಬರೆಯಲು ಮರೆಯಬೇಡಿ. ಬಟ್ಟಲು ತುಂಬ ತೆಳಿ ಕುಡಿದು ಮಲಗುವವರು ಯಾರೂ ಅದನ್ನು ನೀರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಮೇಲೆ ಸಂಜೆಯ ಕ್ರಮ ಬದಲಿಸಿ. ಹಗಲಿನ ನೀರು ಕಡಿಮೆ ಮಾಡಬೇಡಿ, ಕರಾವಳಿಯ ಸೆಕೆಗೆ ಅದು ಬೇಕೇ ಬೇಕು. ಮಲಗುವ ಎರಡು–ಮೂರು ಗಂಟೆ ಮೊದಲು ನಿಲ್ಲಿಸಿದರೆ ಸಾಕು. ಬಾಳೆದಿಂಡಿನ ರಸ ಕುಡಿದರೆ ಪ್ರಾಸ್ಟೇಟ್ ಚಿಕ್ಕದಾಗುತ್ತದೆ ಎಂದು ನಂಬಿ ಕೂರಬೇಡಿ.

ಮಾತ್ರೆಗಳ ಪಟ್ಟಿ ಜೊತೆಗಿರಲಿ

ನುಂಗುವ ಮಾತ್ರೆಗಳನ್ನೆಲ್ಲ ಬರೆದು ಡಾಕ್ಟರಿಗೆ ತೋರಿಸಿ. ಮಳೆಗಾಲದಲ್ಲಿ ಮೆಡಿಕಲ್ ಶಾಪಿನಿಂದ ಕೇಳಿ ತರುವ ಶೀತದ ಮಾತ್ರೆ ಇಲ್ಲಿ ದೊಡ್ಡ ಖಳನಾಯಕ. ಅದರಲ್ಲಿರುವ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್‌ನಂಥವು ಪ್ರಾಸ್ಟೇಟ್ ದೊಡ್ಡದಿರುವವರಲ್ಲಿ ಮೂತ್ರವನ್ನೇ ಕಟ್ಟಿಬಿಡಬಹುದು.

ಡಾಕ್ಟರ ಬಳಿ

ಮನೆ ಡಾಕ್ಟರಿಂದಲೇ ಶುರು ಮಾಡಿ. ಮುಂದೆ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಹೀಗೆ ದಾರಿಗಳಿವೆ. ಅವರು ಏಳು ಪ್ರಶ್ನೆ ಕೇಳಿ 35ಕ್ಕೆ ಅಂಕ ಹಾಕುತ್ತಾರೆ. 7ರವರೆಗೆ ಸೌಮ್ಯ, 20 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಗುದದ್ವಾರದ ಮೂಲಕ ಬೆರಳಿನಿಂದ ಮುಟ್ಟಿ ನೋಡುವುದು ಅರ್ಧ ನಿಮಿಷದ ಕೆಲಸ, ನಾಚಿಕೆಯಿಂದ ಬೇಡವೆನ್ನಬೇಡಿ. ಮೂತ್ರ ಪರೀಕ್ಷೆಯೂ, ಹೋಗಿಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನೂ ಇರುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆಂದು ಮಾಡುವ ಪಿ.ಎಸ್.ಎ. ರಕ್ತಪರೀಕ್ಷೆ 4 ದಾಟಿತೆಂದು ಎದೆ ಒಡೆದುಕೊಳ್ಳಬೇಡಿ. ಸೋಂಕಿದ್ದರೂ, ಗ್ರಂಥಿ ಬರೀ ದೊಡ್ಡದಾಗಿದ್ದರೂ ಏರುತ್ತದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ಸುದ್ದಿಯನ್ನೇ ಕೊಡುವುದಿಲ್ಲ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ 45ರ ಹೊತ್ತಿಗೇ ಡಾಕ್ಟರ ಜೊತೆ ಮಾತಾಡಿ. ಪ್ರಾಸ್ಟೇಟ್ ಕುಗ್ಗಿಸುವ ಫಿನಾಸ್ಟೆರೈಡ್ ಮಾತ್ರೆ ನುಂಗುತ್ತಿದ್ದರೆ ಹೇಳಲೇಬೇಕು. ಆರು ತಿಂಗಳಲ್ಲಿ ಅದು ಪಿ.ಎಸ್.ಎ.ಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ.

ಮದ್ದು ಶುರುವಾದ ಮೇಲೆ

ನಾಳದ ಸುತ್ತಲ ಬಿಗಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಕೆಲವೇ ದಿನಗಳಲ್ಲಿ ಧಾರೆಯನ್ನು ಸುಧಾರಿಸಬಹುದು, ಆದರೆ ಥಟ್ಟನೆ ಎದ್ದರೆ ತಲೆ ತಿರುಗಬಹುದು. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ಬಚ್ಚಲು ಹೊರಗಿರುವ ಹಳೇ ಮನೆಯಾದರೆ ದಾರಿಗೊಂದು ಬಲ್ಬು ಹಾಕಿಸಿ, ಅಂಗಳದ ಹಾವಸೆ ಕೆರೆಸಿ. ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಕಣ್ಣಿನ ಡಾಕ್ಟರಿಗೆ ಈ ಮಾತ್ರೆಯ ಹೆಸರು ಮೊದಲೇ ತಿಳಿಸಿ. ಮದ್ದು ಸಾಲದವರಿಗೆ ನಾಳದ ಮೂಲಕವೇ, ಹೊಟ್ಟೆ ಕೊಯ್ಯದೆ ಮಾಡುವ ಆಪರೇಷನ್ನಿದೆ.

ಮೂತ್ರದಲ್ಲಿ ರಕ್ತ ಕಂಡರೆ ಡಾಕ್ಟರ ಬಳಿ ಹೋಗಲು ತಡಮಾಡಬೇಡಿ. ಚಳಿಜ್ವರ ಬಂದರೆ, ಅಥವಾ ಹೊಟ್ಟೆ ಬಿಗಿದು ಒಂದು ಹನಿಯೂ ಹೋಗದಿದ್ದರೆ ಬೆಳಗಾಗುವವರೆಗೂ ಕಾಯಬೇಡಿ, ಆಗಲೇ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ. ಮೂತ್ರ ಕಟ್ಟಿದ್ದರೆ ಅಲ್ಲಿ ಟ್ಯೂಬ್ ಹಾಕಿ ಖಾಲಿ ಮಾಡುತ್ತಾರೆ.