ಮಲೆನಾಡಿನ ಬಂಡೆಕಣಿವೆಗಳಲ್ಲಿ ಕ್ಯಾಂಪರ್‌ವ್ಯಾನ್ ಪ್ರವಾಸ: ಒಂದು ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಅಂದರೆ ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳು ಕರಾವಳಿಯ ಕಡೆಗೆ ಕಡಿದುಬೀಳುವ ಜಾಗದಲ್ಲಿ, ಬಂಡೆ ಮತ್ತು ಕಣಿವೆಗಳನ್ನು ನೋಡಬಯಸುವವರಿಗೆ ಒಂದು ವಾರಕ್ಕೆ ಸಾಲುವಷ್ಟು ಸಾಮಗ್ರಿ ಇದೆ. ಕಾಡಿನ ನಡುವಿನಿಂದ ಒಂಟಿಯಾಗಿ ಎದ್ದ ಕುಂದಾದ್ರಿಯ ಹೆಬ್ಬಂಡೆ, ಕವಲೇದುರ್ಗದ ಕಲ್ಲುಕೋಟೆ, ಕಬ್ಬಿಣದಂಶ ತುಂಬಿದ ಪದರಗಲ್ಲಿನ ಕೊಡಚಾದ್ರಿ, 253 ಮೀಟರ್ ಎತ್ತರದಿಂದ ಶರಾವತಿ ಧುಮುಕುವ ಜೋಗದ ಕೊರಕಲು, ಇವೆಲ್ಲವೂ ನಕ್ಷೆಯ ಮೇಲೆ ಹತ್ತಿರ ಹತ್ತಿರವೇ ಕಾಣುತ್ತವೆ. ಆದರೆ ನಡುವೆ ಘಟ್ಟ, ಹೊಳೆ ಮತ್ತು ಹಿನ್ನೀರು ಅಡ್ಡ ಬರುವುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಮಲಗುವ ಕೋಣೆಯನ್ನೂ ಅಡುಗೆಮನೆಯನ್ನೂ ಜೊತೆಗೇ ಒಯ್ಯುವ ಕ್ಯಾಂಪರ್‌ವ್ಯಾನ್ ಇಂಥ ಕಡೆಗೆ ಹೇಳಿ ಮಾಡಿಸಿದ್ದು ಎಂದು ಯಾರಿಗಾದರೂ ಅನ್ನಿಸುತ್ತದೆ. ಅದು ನಿಜವಾಗಬೇಕಾದರೆ ಒಂದು ನಿರ್ಧಾರವನ್ನು ಹೊರಡುವ ಮೊದಲೇ ಮಾಡಿಕೊಳ್ಳಬೇಕು: ವ್ಯಾನನ್ನು ನೆಲೆಯಾಗಿ ಒಂದು ಕಡೆ ನಿಲ್ಲಿಸಿ, ಕೊನೆಯ ಕೆಲವು ಕಿಲೋಮೀಟರುಗಳನ್ನು ಜೀಪು, ಆಟೋ ಅಥವಾ ಕಾಲ್ನಡಿಗೆಗೆ ಬಿಡಬೇಕು. ಬಂಡೆಯ ಬುಡಕ್ಕೇ ವ್ಯಾನ್ ಒಯ್ಯುತ್ತೇನೆಂದು ಹೊರಟವರು ಹಿಂದೆಗೆಯಲು ಜಾಗವಿಲ್ಲದ ದಾರಿಯಲ್ಲಿ ಸಿಕ್ಕಿಕೊಂಡು ಊರವರ ಸಹಾಯಕ್ಕೆ ಕಾಯುತ್ತಾರೆ.

ಕಾಲದ ಆಯ್ಕೆಯಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ಆಗುಂಬೆ ಮತ್ತು ಹುಲಿಕಲ್ಲಿನಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ. ಪುನರ್ವಸು, ಪುಷ್ಯ ಮಳೆಗಳು ಹಿಡಿದು ಹೊಯ್ಯುವ ಜುಲೈನಲ್ಲಿ ದರೆ (ರಸ್ತೆಬದಿಯ ಕಡಿದಾದ ಮಣ್ಣಿನ ದಿಬ್ಬ) ಕುಸಿದು, ಮರ ಬಿದ್ದು ರಸ್ತೆ ಕಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಸ್ತ, ಚಿತ್ತಾ ಮಳೆಗಳು ಮುಗಿದು ನೆಲ ಗಟ್ಟಿಯಾಗುವ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಅವಧಿ ವ್ಯಾನ್ ಪ್ರವಾಸಕ್ಕೆ ಅತ್ಯಂತ ಸೂಕ್ತ. ಆಗ ಹಳ್ಳಗಳಲ್ಲಿ ನೀರಿರುತ್ತದೆ, ಬೇಣದ, ಅಂದರೆ ಗುಡ್ಡದ ಹುಲ್ಲುಗಾವಲಿನ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ, ಬೆಳಗಿನ ಮಂಜು ಕರಗಿದ ಮೇಲೆ ಕಣಿವೆಯ ಆಚೆ ಬದಿಯೂ ನಿಚ್ಚಳವಾಗಿ ಕಾಣುತ್ತದೆ.

ವಾಹನದ ಗಾತ್ರವನ್ನು ಹಾಸಿಗೆಗಳ ಲೆಕ್ಕದಲ್ಲಿ ನಿರ್ಧರಿಸದೆ ರಸ್ತೆಯ ಲೆಕ್ಕದಲ್ಲಿ ನಿರ್ಧರಿಸುವುದು ಒಳ್ಳೆಯದು. ಟೆಂಪೋ ಟ್ರಾವೆಲರ್ ಗಾತ್ರದ ವ್ಯಾನು ಇಲ್ಲಿನ ಮುಖ್ಯ ರಸ್ತೆಗಳಿಗೆ ಸಾಕಷ್ಟು ದೊಡ್ಡದೇ. ಬಸ್ಸಿನ ಚಾಸಿಸ್ ಮೇಲೆ ಕಟ್ಟಿದ ಕ್ಯಾರವಾನ್ ತೋಟದ ರಸ್ತೆಗಳಿಗೆ ತಿರುಗುವುದೇ ಇಲ್ಲ. ಎತ್ತರವನ್ನು ಸೌರಫಲಕ, ಏಸಿ ಎಲ್ಲ ಸೇರಿಸಿ ಅಳೆದು, ಆ ಅಂಕಿಯನ್ನು ಚಾಲಕನ ಕಣ್ಣಿಗೆ ಬೀಳುವಂತೆ ಅಂಟಿಸಿಡಬೇಕು, ಏಕೆಂದರೆ ಹಳ್ಳಿರಸ್ತೆಗಳ ಮೇಲೆ ಬಾಗಿದ ಕೊಂಬೆಗಳೂ ಜೋತುಬಿದ್ದ ವಿದ್ಯುತ್ ತಂತಿಗಳೂ ಮುನ್ಸೂಚನೆ ಕೊಡುವುದಿಲ್ಲ. ಸ್ವಂತ ವಾಹನವನ್ನು ವ್ಯಾನಾಗಿ ಮಾರ್ಪಡಿಸುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ನೆನಪಿನಲ್ಲಿಡಬೇಕು. ಆರ್‌ಟಿಒ ಅನುಮತಿ ಪಡೆದು, ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸದೆ ಹೊರಟರೆ ಅಪಘಾತದ ಸಂದರ್ಭದಲ್ಲಿ ವಿಮೆಗೂ ತೊಡಕಾಗಬಹುದು.

ಇನ್ನು ರಾತ್ರಿ ಎಲ್ಲಿ ತಂಗಬೇಕು ಎಂಬುದು. ಇಡೀ ಪ್ರವಾಸದಲ್ಲಿ ಹೆಚ್ಚು ಯೋಚನೆ ಬೇಡುವ ವಿಷಯ ಇದೇ. ರಸ್ತೆಬದಿಯ ಖಾಲಿ ಜಾಗವೆಲ್ಲ ಇಲ್ಲಿ ಯಾರದೂ ಅಲ್ಲದ ಜಾಗವಲ್ಲ. ಮೀಸಲು ಅರಣ್ಯದಲ್ಲಿ, ಸೋಮೇಶ್ವರ, ಮೂಕಾಂಬಿಕಾ ಮತ್ತು 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಗಳ ಒಳಗೆ, ಅನುಮತಿಯಿಲ್ಲದೆ ರಾತ್ರಿ ತಂಗುವುದು ಅಪರಾಧ. ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ, ಕಾಡಿನಂತೆ ಕಾಣುವ ಸೊಪ್ಪಿನಬೆಟ್ಟಕ್ಕೂ ಅದನ್ನು ಬಳಸುವ ಹಕ್ಕುಳ್ಳ ತೋಟದ ಮನೆಯೊಂದು ಹತ್ತಿರದಲ್ಲೇ ಇರುತ್ತದೆ. ಹಾಗಾಗಿ ಹೋಮ್‌ಸ್ಟೇ ನಡೆಸುವವರಿಗೆ ಮೊದಲೇ ಫೋನ್ ಮಾಡಿ, ಕೋಣೆ ಬೇಡ, ಅಂಗಳದಲ್ಲಿ ವ್ಯಾನ್ ನಿಲ್ಲಿಸಲು ಜಾಗ, ಒಂದು ಪ್ಲಗ್ ಪಾಯಿಂಟ್, ಶೌಚಾಲಯದ ಬಳಕೆ ಮತ್ತು ಎರಡು ಹೊತ್ತಿನ ಊಟ ಬೇಕು ಎಂದು ಸ್ಪಷ್ಟವಾಗಿ ಕೇಳುವುದು ಅತ್ಯುತ್ತಮ ದಾರಿ. ಊಟಕ್ಕೆ ಹಣ ಕೊಟ್ಟರೆ ಜಾಗದ ಬಾಡಿಗೆಯ ಮಾತು ಸಲೀಸಾಗುತ್ತದೆ ಎಂಬುದು ನನ್ನ ಅನುಭವ. ಬಿಸಿ ಕಡುಬನ್ನೋ ಅಕ್ಕಿರೊಟ್ಟಿಯನ್ನೋ ಬಿಟ್ಟು ವ್ಯಾನಿನಲ್ಲಿ ನೂಡಲ್ಸ್ ಬೇಯಿಸಿಕೊಳ್ಳುವುದರಲ್ಲಿ ಅರ್ಥವೂ ಇಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಆಗ ಜಾಗ ಸಿಗದಿದ್ದರೆ ಬೇಸರಿಸಬಾರದು. ತೋಟಕ್ಕೆ ಹೋಗುವ ದಾರಿಯಲ್ಲಿ ಉಣಗೋಲು (ಅಡ್ಡಗಳುಗಳ ಬೇಲಿಬಾಗಿಲು) ಸರಿಸಿ ಒಳಹೋದರೆ ಅದರ ಗಳುಗಳನ್ನು ಮತ್ತೆ ಹಾಗೆಯೇ ತೂರಿಸಿಡಬೇಕು, ಇಲ್ಲವಾದರೆ ಆ ರಾತ್ರಿಯೇ ದನ ಒಳನುಗ್ಗಿ ಗಿಡ ಮೇಯುತ್ತವೆ.

ನೆಲೆಗಳನ್ನು ಮೂರಕ್ಕೆ ಸೀಮಿತಗೊಳಿಸಿ, ಒಂದೊಂದರಲ್ಲಿ ಕನಿಷ್ಠ ಎರಡು ರಾತ್ರಿ ಕಳೆಯುವುದು ಹಿತಕರ. ಶಿವಮೊಗ್ಗದಿಂದ ತುಂಗೆಯ ಗುಂಟ ಸಕ್ರೆಬೈಲು, ಮಂಡಗದ್ದೆ ದಾಟಿ ಸುಮಾರು 60 ಕಿಲೋಮೀಟರ್ ಸಾಗಿದರೆ ತೀರ್ಥಹಳ್ಳಿ. ಅಲ್ಲಿಂದ ಆಗುಂಬೆಯವರೆಗಿನ ಯಾವುದಾದರೂ ಹಳ್ಳಿ ಮೊದಲ ನೆಲೆಯಾಗಬಹುದು. ಗುಡ್ಡೇಕೇರಿಯ ಬಳಿ ತಿರುಗುವ ಕುಂದಾದ್ರಿಯ ರಸ್ತೆ ಬಹುತೇಕ ನೆತ್ತಿಯವರೆಗೆ ಹೋಗುತ್ತದಾದರೂ ಕೊನೆಯ ಏರು ಕಡಿದಾದದ್ದು, ಕಿರಿದಾದದ್ದು. ವ್ಯಾನನ್ನು ಕೆಳಗೇ ಬಿಟ್ಟು ಆಟೋದಲ್ಲೋ ನಡೆದೋ ಹೋಗುವುದೇ ಸರಿ. ಮೇಲೆ ಪಾರ್ಶ್ವನಾಥನ ಬಸದಿ, ಬಂಡೆಯ ತಗ್ಗಿನಲ್ಲಿ ನಿಂತ ನೀರಿನ ಕೊಳಗಳು ಇವೆ. ಬಂಡೆಯ ಇಳಿಜಾರು ಅಂಚಿನಲ್ಲಿ ಕಪ್ಪಗೆ ಹೊಳೆಯುವ ಪಾಚಿಯ ಪಟ್ಟಿಗಳನ್ನು ಕಂಡರೆ ಅಲ್ಲಿ ಕಾಲಿಡಬಾರದು, ಒಣಗಿದಂತೆ ಕಂಡರೂ ಬೆಳಗಿನ ಇಬ್ಬನಿಗೆ ಅದು ಎಣ್ಣೆ ಸವರಿದಂತಾಗಿರುತ್ತದೆ. ಕವಲೇದುರ್ಗಕ್ಕೆ ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ವಾಹನ ಬುಡದ ಹಳ್ಳಿಯಲ್ಲಿ ನಿಲ್ಲುತ್ತದೆ. ಗದ್ದೆಯ ಅಂಚಿನಿಂದ ಕಲ್ಲುಹಾಸಿನ ದಾರಿ ಹಿಡಿದು, ಕೆಳದಿ ನಾಯಕರ ಕಾಲದ ಸುತ್ತುಗೋಡೆಗಳ ಬಾಗಿಲುಗಳನ್ನು ಒಂದೊಂದಾಗಿ ದಾಟಿ ತುದಿಗೆ ತಲುಪಬೇಕು. ಬೆಟ್ಟದ ಬಂಡೆ ಎಲ್ಲಿ ಮುಗಿದು ಕಟ್ಟಿದ ಗೋಡೆ ಎಲ್ಲಿ ಶುರುವಾಯಿತು ಎಂಬುದನ್ನು ಗುರುತಿಸುತ್ತ ಹತ್ತಿದರೆ ಕೋಟೆ ಕಟ್ಟಿದವರ ಜಾಣತನ ಅರ್ಥವಾಗುತ್ತದೆ. ಆಗುಂಬೆಯ ಸೂರ್ಯಾಸ್ತದ ಬಗ್ಗೆ ಎಲ್ಲರೂ ಹೇಳುತ್ತಾರೆ. ವಾರಾಂತ್ಯದ ಸಂಜೆ ಅಲ್ಲಿ ವ್ಯಾನ್ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಬೆಳಿಗ್ಗೆ ಹೋಗಿ, ಕಣಿವೆಯಿಂದ ಮೇಲೇಳುವ ಮಂಜನ್ನು ನೋಡುವುದನ್ನು ನಾನು ಶಿಫಾರಸು ಮಾಡುತ್ತೇನೆ.

ಘಟ್ಟ ಇಳಿಯುವವರಿಗೆ ಒಂದು ಮಾತು. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಇಲ್ಲಿ ಭಾರಿ ವಾಹನಗಳನ್ನು ನಿಷೇಧಿಸುವುದು ವಾಡಿಕೆಯಾದ್ದರಿಂದ ಹೊರಡುವ ಮುನ್ನ ಆ ವರ್ಷದ ಆದೇಶವನ್ನು ವಿಚಾರಿಸಬೇಕು. ನೀರಿನ ಟ್ಯಾಂಕು, ಬ್ಯಾಟರಿ, ಪೀಠೋಪಕರಣಗಳ ಭಾರ ಹೊತ್ತ ವ್ಯಾನನ್ನು ಬ್ರೇಕಿನ ಬಲದಿಂದಲೇ ಇಳಿಸಿದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಇಳಿಯಲು ಆರಂಭಿಸುವ ಮೊದಲೇ ಎರಡನೇ ಗೇರಿಗೆ ಬಂದು, ಎಂಜಿನ್ನಿನ ತಡೆಯಲ್ಲೇ ಇಳಿಯಬೇಕು. ಏರುತ್ತಿರುವ ವಾಹನಕ್ಕೆ ದಾರಿ ಬಿಡಬೇಕು. ಮಂಜಿನಲ್ಲಿ ದೀಪವನ್ನು ಲೋ ಬೀಮಿನಲ್ಲಿ ಇಡಬೇಕು. ಟ್ಯಾಂಕಿನಲ್ಲಿ ಅರ್ಧ ತುಂಬಿದ ನೀರು ತಿರುವಿನಲ್ಲಿ ತುಳುಕಿ ವಾಹನವನ್ನು ಪಕ್ಕಕ್ಕೆಳೆಯುತ್ತದೆ, ಆದ್ದರಿಂದ ಘಟ್ಟಕ್ಕೆ ಮುನ್ನ ಒಂದೋ ತುಂಬಿಸಿಕೊಳ್ಳಿ, ಇಲ್ಲವೇ ಖಾಲಿ ಮಾಡಿ. ತಿರುವಿನಲ್ಲಿ ನಿಂತು ಮಂಗಗಳಿಗೆ ಬಾಳೆಹಣ್ಣು ಕೊಡುವ ಅಭ್ಯಾಸ ಅಪಾಯಕಾರಿಯೂ ಹೌದು, ಅಭಯಾರಣ್ಯದಲ್ಲಿ ಕಾನೂನುಬಾಹಿರವೂ ಹೌದು.

ಎರಡನೇ ನೆಲೆಗೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರು ಅಥವಾ ನಿಟ್ಟೂರಿನ ಸುತ್ತಮುತ್ತ ಜಾಗ ನೋಡಬೇಕು. ಇಲ್ಲಿಂದ ಗುರಿ 1343 ಮೀಟರ್ ಎತ್ತರದ ಕೊಡಚಾದ್ರಿ. ಬೆಟ್ಟದ ಮೇಲಕ್ಕೆ ಹೋಗುವ ದಾರಿಯನ್ನು ರಸ್ತೆ ಎನ್ನುವುದು ಉದಾರತೆಯ ಮಾತು: ಕೊರಕಲು ಬಿದ್ದ ಕೆಮ್ಮಣ್ಣು, ಅದರ ನಡುವೆ ತಲೆಯೆತ್ತಿದ ಜಂಬಿಟ್ಟಿಗೆಯ ಚೂಪುಗಲ್ಲು. ಸ್ಥಳೀಯ ಜೀಪುಗಳು ಮಾತ್ರ ಇಲ್ಲಿ ಓಡುತ್ತವೆ, ಆ ಚಾಲಕರಿಗೆ ಒಂದೊಂದು ಕಲ್ಲೂ ಪರಿಚಿತ. ಜೀಪನ್ನು ಹಂಚಿಕೊಂಡು ಹೋದರೆ ಖರ್ಚು ಕಡಿಮೆ, ಆದರೆ ಮರಳುವ ಸಮಯವನ್ನು ಚಾಲಕ ನಿಗದಿ ಮಾಡುತ್ತಾನೆ. ಬಂಡೆಗಳನ್ನು ನಿಧಾನವಾಗಿ ನೋಡಬಯಸುವವರು ಇಡೀ ಜೀಪನ್ನೇ ಗೊತ್ತು ಮಾಡಿಕೊಳ್ಳುವುದು ಲೇಸು. ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇಳಿದು ಸರ್ವಜ್ಞ ಪೀಠದವರೆಗೆ ನಡೆಯುವ ದಾರಿಯಲ್ಲಿ ಕಾಲಬುಡದ ಕಲ್ಲನ್ನು ಗಮನಿಸಬೇಕು. ಕಡುಗೆಂಪು ಮತ್ತು ಬೂದುಬಣ್ಣದ ತೆಳುಪದರಗಳು ಒಂದರ ಮೇಲೊಂದು ಕುಳಿತ ಕಬ್ಬಿಣದ ಅದಿರುಗಲ್ಲು ಅಲ್ಲಲ್ಲಿ ಎದ್ದು ಕಾಣುತ್ತದೆ; ಕೈಗೆತ್ತಿಕೊಂಡ ಚಿಕ್ಕ ಚೂರೂ ಅದರ ಗಾತ್ರಕ್ಕೆ ಮೀರಿದ ತೂಕವಿರುತ್ತದೆ. ಈ ಪದರಗಳು 250 ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಕುಳಿತವು. ಚೂರನ್ನು ನೋಡಿ ಅಲ್ಲಿಯೇ ಇಟ್ಟು ಬನ್ನಿ. ಅಭಯಾರಣ್ಯದಿಂದ ಕಲ್ಲು, ಗಿಡ ಯಾವುದನ್ನೂ ತರುವಂತಿಲ್ಲ. ಹಿಡ್ಲುಮನೆ ಜಲಪಾತದ ಮೂಲಕ ಚಾರಣ ಮಾಡುವವರು ಅರಣ್ಯ ಇಲಾಖೆಯ ಅನುಮತಿಯ ನಿಯಮಗಳನ್ನು ಮುಂಚಿತವಾಗಿ ತಿಳಿದುಕೊಳ್ಳಬೇಕು.

ಅಲ್ಲಿಂದ ಸಾಗರದ ಕಡೆಗೆ ಹೋಗುವವರಿಗೆ ಈಗ ಹೊಸ ಅನುಕೂಲವೊಂದಿದೆ. ಶರಾವತಿ ಹಿನ್ನೀರಿನ ಆಚೆಗಿನ ಕಳಸವಳ್ಳಿ, ಸಿಗಂದೂರು, ತುಮರಿಗಳಿಗೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಮೇಲೆ ವ್ಯಾನಿನವರಿಗೂ ಸರದಿಯಲ್ಲಿ ಕಾಯುವ ಕಷ್ಟ ತಪ್ಪಿತು. ಆದರೂ ಸೇತುವೆಯ ಮೇಲೆ ಫೋಟೋಕ್ಕಾಗಿ ವ್ಯಾನ್ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ಬಯಲು ತಂಗಲು ಹೇಳಿಮಾಡಿಸಿದಂತೆ ಕಾಣುತ್ತದೆ, ಆದರೆ ಒಣಗಿ ಬಿರುಕುಬಿಟ್ಟ ಮೇಲ್ಪದರದ ಕೆಳಗೆ ಹಸಿ ಕೆಸರಿರುತ್ತದೆ. ಎರಡೂವರೆ ಟನ್ ತೂಕದ ವಾಹನ ಅಚ್ಚಿನವರೆಗೆ ಹೂತರೆ ಎಳೆಯಲು ಟ್ರ್ಯಾಕ್ಟರ್ ಬರಬೇಕು.

ಮೂರನೇ ನೆಲೆ ಸಾಗರ ಅಥವಾ ತಾಳಗುಪ್ಪದ ಕಡೆ ಇರಲಿ. ಇಕ್ಕೇರಿ, ಕೆಳದಿಗಳೂ ಕೈಯಳತೆಯಲ್ಲೇ ಇವೆ. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲುಗಳು ಮೈದುಂಬಿ ಹರಿಯುವುದು ಲಿಂಗನಮಕ್ಕಿಯ ನೀರನ್ನು ಅವಲಂಬಿಸಿದೆ. 1964ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ಗರಿಷ್ಠ ಮಟ್ಟ 1819 ಅಡಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ ಬರುವ ನೀರಿನ ಮಟ್ಟ ಆ ಅಂಕಿಯ ಹತ್ತಿರ ಬಂದಿದ್ದರೆ, ಗೇಟು ತೆರೆಯುವ ಸಾಧ್ಯತೆಯನ್ನು ನೋಡಿಕೊಂಡು ಮಳೆಗಾಲದ ನಿಯಮಕ್ಕೆ ಒಂದು ವಿನಾಯಿತಿ ಕೊಡಬಹುದು. ನೀರು ಕಡಿಮೆಯಿದ್ದಾಗ ಹೋದವರಿಗೆ ಬಂಡೆಯ ಗೋಡೆ ಸ್ಪಷ್ಟವಾಗಿ ಕಾಣಿಸುತ್ತದೆ: ಅಡ್ಡ ಸೀಳುಗಳು, ಕಡಿದು ಬಿದ್ದ ಬಂಡೆಯ ಗುರುತುಗಳು, ಗೋಡೆಯ ಸಂದುಗಳಿಂದ ಹೊರಡುವ ಹಕ್ಕಿಗಳ ಹಿಂಡು. ಕಣಿವೆಯನ್ನು ಓದಲು ನನಗೆ ಈ ಜೋಗವೇ ಹೆಚ್ಚು ಇಷ್ಟ. ಸಿದ್ದಾಪುರ ತಾಲ್ಲೂಕಿನ ಬದಿಯಿಂದ, ಬ್ರಿಟಿಷ್ ಬಂಗಲೆಯ ಕಡೆಯಿಂದ ನೋಡಿದರೆ ಅದೇ ಕೊರಕಲು ಬೇರೆಯದೇ ಆಗಿ ಕಾಣುತ್ತದೆ.

ನೀರು ಮತ್ತು ತ್ಯಾಜ್ಯದ ವಿಷಯದಲ್ಲಿ ಮಲೆನಾಡಿಗೆ ತನ್ನದೇ ಸೂಕ್ಷ್ಮವಿದೆ. ದರೆಯ ಪಕ್ಕದಲ್ಲಿ ಹಾವಿನಂತೆ ಮಲಗಿರುವ ಕಪ್ಪು ಪೈಪುಗಳು ಗುಡ್ಡದ ಮೇಲಿನ ಅಬ್ಬಿಯಿಂದ (ನೀರಿನ ಒರತೆಯಿಂದ) ಮನೆಗಳಿಗೆ ಕುಡಿಯುವ ನೀರು ಒಯ್ಯುತ್ತಿರುತ್ತವೆ; ಅವುಗಳ ಮೇಲೆ ಚಕ್ರ ಹತ್ತಿಸಬಾರದು, ಅವು ಹೊರಡುವ ಹಳ್ಳದಲ್ಲಿ ಪಾತ್ರೆ, ಬಟ್ಟೆ ತೊಳೆಯಲೂಬಾರದು. ಶೌಚದ ಪೆಟ್ಟಿಗೆಯನ್ನು ಮನೆಯವರ ಒಪ್ಪಿಗೆ ಪಡೆದು ಅವರ ಶೌಚಾಲಯಕ್ಕೇ ಸುರಿಯಬೇಕು. ಕಾಡಿನ ನೆರಳಲ್ಲಿ ಸೌರಫಲಕವನ್ನು ನೆಚ್ಚಬಾರದು: 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1200 ವಾಟ್-ಅವರ್ ಇರುತ್ತದೆ, ಚಿಕ್ಕ ಫ್ರಿಜ್ ಒಂದೇ ದಿನಕ್ಕೆ ಅದರ ಮೂರನೇ ಒಂದು ಭಾಗವನ್ನು ನುಂಗಬಲ್ಲದು. ಇಂಡಕ್ಷನ್ ಒಲೆಯನ್ನು ಮನೆಯಲ್ಲೇ ಬಿಡಿ. ಗ್ಯಾಸ್ ಒಲೆ ಹಚ್ಚಿದಾಗ ಚಳಿಯೆಂದು ಕಿಟಕಿ ಮುಚ್ಚಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಡೀಸೆಲ್ಲನ್ನು ತೀರ್ಥಹಳ್ಳಿ, ಹೊಸನಗರ, ಸಾಗರಗಳಲ್ಲಿ ತುಂಬಿಸಿಕೊಂಡೇ ಒಳದಾರಿ ಹಿಡಿಯಿರಿ, ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಳ್ಳಿ.

ಉಂಬಳ (ಕಾಡಿನ ಜಿಗಣೆ) ಕಚ್ಚಿದರೆ ರಕ್ತ ಹೋಗುತ್ತದೆ, ಅಷ್ಟೇ. ಉಪ್ಪು ಅಥವಾ ಸುಣ್ಣ ಸಾಕು. ಎಚ್ಚರ ಬೇಕಾಗಿರುವುದು ಉಣುಗಿನ (ಉಣ್ಣೆಹುಳುವಿನ) ವಿಷಯದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ, ಮತ್ತು ಅದರ ಕಾಲ ಡಿಸೆಂಬರಿನಿಂದ ಮೇವರೆಗೆ, ಅಂದರೆ ಪ್ರವಾಸಕ್ಕೆ ಅನುಕೂಲವಾದ ತಿಂಗಳುಗಳಿಗೇ ಭಾಗಶಃ ತಾಗಿಕೊಂಡಿದೆ. ತರಗೆಲೆಯ ಮೇಲೆ ಚಾಪೆ ಹಾಸಿ ಕೂರಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಂಡು, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ವ್ಯಾನಿಗೆ ಹತ್ತುವ ಮೊದಲೇ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಧರಿಸಿದ ಬಟ್ಟೆಯನ್ನು ಹಾಸಿಗೆಯ ಹತ್ತಿರ ತಾರದೆ ಚೀಲದಲ್ಲಿ ಕಟ್ಟಿ ಹೊರಗಿಡಬೇಕು. ಸಾಮಾನ್ಯವಾಗಿ ಕಡಿತದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮನೆಗೆ ಮರಳಿದ ವಾರದೊಳಗೆ ತೀವ್ರ ಜ್ವರ, ತಲೆನೋವು, ಮೈಕೈನೋವು ಬಂದರೆ, ಬೆಂಗಳೂರಿನ ವೈದ್ಯರಿಗೆ ತಾವಾಗಿಯೇ ಹೊಳೆಯದಿರಬಹುದಾದ ಒಂದು ವಿವರವನ್ನು, ಅಂದರೆ ಮಲೆನಾಡಿನ ಕಾಡಂಚಿನಲ್ಲಿ ತಂಗಿದ್ದೆವೆಂಬುದನ್ನು, ಮೊದಲ ಭೇಟಿಯಲ್ಲೇ ತಿಳಿಸಬೇಕು.